ಜೂನ್ ಒಂದರ ಮಕ್ಕಳು
(ಹಾಸ್ಟೆಲ್ ಸಭೆಯಲ್ಲಿ ಆಡಿದ ಮಾತು)



ಜೂನ್ 1ರಂದು ಹುಟ್ಟಿದವರು ಕೈ ಎತ್ತಿ. ನಾನೂ ಎತ್ತಿದ್ದೀನಿ. ನಮ್ಮ ಅವ್ವಂದಿರೆಲ್ಲ ಒಂದೇ ದಿನ ಹೆತ್ತರಾ? ಅವ್ವ ‘ರಾಗಿ ಕೊಯ್ಲಲ್ಲಿ’ ಅಂದಳು, ಮೇಷ್ಟ್ರು ಶಾಲೆ ಶುರುವಾಗೋ ತಿಂಗಳು ಬರೆದರು. ಅದೇ ಎಸ್ಸೆಸ್ಸೆಲ್ಸಿಗೆ, ಅಲ್ಲಿಂದ ಸರ್ವೀಸ್ ರಿಜಿಸ್ಟರಿಗೆ ಹೋಗುತ್ತದೆ. ರಾಜ್ಯ ಸರ್ಕಾರದ ನೌಕರಿಯಲ್ಲಿ 60ಕ್ಕೆ ನಿವೃತ್ತಿ. ಎರಡು ವರ್ಷ ಹೆಚ್ಚು ಬರೆದಿದ್ದರೆ ಎರಡು ವರ್ಷದ ಅನ್ನ ಹೋಯಿತು.

ಕರ್ನಾಟಕದ 1974ರ ಕಾಯಿದೆ ಪ್ರಕಾರ, ವಯಸ್ಸು ರಿಜಿಸ್ಟರಿನಲ್ಲಿ ದಾಖಲಾದ 3 ವರ್ಷದೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕು. ಪುರಾವೆ ಇದ್ದರೂ ತಿದ್ದುಪಡಿ ಹಕ್ಕಲ್ಲ, ತಡಮಾಡಿದರೆ ತಿರಸ್ಕರಿಸಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

ಅವರ ಮನೆಯಲ್ಲಿ ಜಾತಕ ಇತ್ತು. ನಮ್ಮಲ್ಲಿ ಅವ್ವನ ನೆನಪು ಮಾತ್ರ. ಆದ್ದರಿಂದ ಕೆಲಸ ಸಿಕ್ಕ ತಿಂಗಳೇ ರಿಜಿಸ್ಟರ್ ನೋಡಿ. ಊರಿಗೆ ಹೋದಾಗ ಕೇರಿಯ ಕೂಸುಗಳ ಜನನ ಪತ್ರ ಮಾಡಿಸಿ.