ಮುಂಬಯಿಯಲ್ಲೇ ಇಳಿಸಿಕೊಳ್ಳಬೇಕಾದ ಪೆಟ್ಟಿಗೆ



ಸಾಂಕೋಲೆಯವರಿಗೆ ವಿಮಾನ ಹೊಸದಲ್ಲ. ದಾಬೋಳಿ ನಮಗೆ ಪಕ್ಕದಲ್ಲೇ ಇದೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದು ಜುವಾರಿನಗರದಲ್ಲಿ ನೆಲೆಸಿದ ಮನೆಗಳಲ್ಲಿ ದುಬೈ, ಮಸ್ಕತ್ತಿಗೆ ಹೋದ ಮಕ್ಕಳೂ ಇದ್ದಾರೆ. ಅವರು ಮುಂಬಯಿಯಲ್ಲಿ ವಿಮಾನ ಬದಲಿಸಿ ಊರಿಗೆ ಬರುವಾಗ ನೆನಪಿಡಬೇಕಾದ ಒಂದು ಮಾತನ್ನು ಇಂದು ಹೇಳುತ್ತೇನೆ.

ದುಬೈಯಲ್ಲಿ ಪೆಟ್ಟಿಗೆಗೆ ಹಚ್ಚಿದ ಚೀಟಿಯ ಮೇಲೆ ದಾಬೋಳಿಯ ಗುರುತಾದ 'ಜಿಒಐ' ಎಂಬ ಅಕ್ಷರಗಳು ಇರಬಹುದು. ಅದನ್ನು ನೋಡಿ, ಪೆಟ್ಟಿಗೆ ತಾನಾಗಿ ಗೋವಾಕ್ಕೆ ಬರುತ್ತದೆಂದು ನಂಬಬೇಡಿ. ಸಾಮಾನ್ಯವಾಗಿ ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ಅದನ್ನು ನೀವೇ ತೆಗೆದುಕೊಂಡು ಕಸ್ಟಮ್ಸ್ ದಾಟಿಸಬೇಕು. ಹಾಗೆ ಮಾಡದಿದ್ದರೆ ನೀವು ದಾಬೋಳಿಯಲ್ಲಿ, ಎರಡು ವರ್ಷದ ದುಡಿಮೆಯ ಪೆಟ್ಟಿಗೆ ಮುಂಬಯಿಯಲ್ಲಿ!

ಹೀಗೇಕೆ? ಹಿರಿಯರನ್ನು ಕೇಳಿ. 1961ರ ಡಿಸೆಂಬರಿಗೆ ಮುಂಚೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಗೋವಾದಿಂದ ರೈಲಿನಲ್ಲಿ ಬಂದವರ ಗಂಟುಮೂಟೆಯ ತಪಾಸಣೆ ಗಡಿಯ ಕ್ಯಾಸಲ್‌ರಾಕಿನಲ್ಲಿ ನಡೆಯುತ್ತಿತ್ತು. ಹುಬ್ಬಳ್ಳಿ ತಲುಪಿದ ಮೇಲೆ ಯಾವ ಗಂಟು ಹೊರಗಿನದು, ಯಾವುದು ಧಾರವಾಡದ್ದು ಎಂದು ಗುರುತಿಸುವುದು ಹೇಗೆ? ವಿಮಾನಕ್ಕೂ ಇದೇ ನ್ಯಾಯ. ಮುಂಬಯಿಯಿಂದ ಮುಂದಿನದು ದೇಶದೊಳಗಿನ ಪ್ರಯಾಣ. ಅಲ್ಲಿ ನಿಮ್ಮ ಪೆಟ್ಟಿಗೆ ಎಲ್ಲರ ಪೆಟ್ಟಿಗೆಗಳೊಡನೆ ಬೆರೆತುಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಪಾಸ್‌ಪೋರ್ಟ್ ತಪಾಸಣೆ. ಆಮೇಲೆ ಬೆಲ್ಟಿನಿಂದ ಪೆಟ್ಟಿಗೆ ಎತ್ತಿಕೊಳ್ಳಿ. ಸುಂಕ ಕಟ್ಟಬೇಕಾದ ಅಥವಾ ನಿಷೇಧಿಸಿದ ವಸ್ತುವಿದ್ದರೆ ಕೆಂಪು ದಾರಿ, ಏನೂ ಇಲ್ಲದಿದ್ದರೆ ಹಸಿರು ದಾರಿ. ಹೊರಬಂದ ಮೇಲೆ ಮುಂದಿನ ವಿಮಾನದ ಕೌಂಟರಿನಲ್ಲಿ ಪೆಟ್ಟಿಗೆಯನ್ನು ಮತ್ತೆ ಒಪ್ಪಿಸಿ, ರಸೀದಿ ಜೋಪಾನವಾಗಿಡಿ. ಇದಕ್ಕೆಲ್ಲ ಸಮಯ ಬೇಕು. ಎರಡು ವಿಮಾನಗಳ ನಡುವೆ ಮೂರು ನಾಲ್ಕು ಗಂಟೆ ಬಿಡುವಿರಲಿ.

ಹೊರದೇಶದಿಂದ ಬಂದ ವಿಮಾನವೇ ಮುಂದಿನ ಊರಿಗೂ ಹೋಗುವುದಾದರೆ ತಪಾಸಣೆ ಕೊನೆಯ ನಿಲ್ದಾಣದಲ್ಲಿ ಆಗುವುದುಂಟು. ನಿಮ್ಮ ಪ್ರಯಾಣದ ಏರ್ಪಾಡು ಹೇಗೆಂದು ಹೊರಡುವಾಗಲೇ ವಿಮಾನ ಕಂಪನಿಯವರನ್ನು ಕೇಳಿ. ಎರಡು ಬೇರೆ ಬೇರೆ ಟಿಕೇಟು ಕೊಂಡಿದ್ದರೆ ತೂಕವನ್ನೂ ವಿಚಾರಿಸಿ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಉಚಿತ. ಹೆಚ್ಚಿನದಕ್ಕೆ ಹಣ ತೆರಬೇಕು. 2023ರ ಜನವರಿಯಿಂದ ಮೋಪಾದಲ್ಲೂ ವಿಮಾನಗಳು ಇಳಿಯುತ್ತಿವೆ. ಟಿಕೇಟು ಯಾವ ನಿಲ್ದಾಣಕ್ಕೆಂದು ನೋಡಿಕೊಳ್ಳಿ.

ಕೊನೆಯದಾಗಿ ಒಂದು ಎಚ್ಚರಿಕೆ. 'ಊರಲ್ಲಿ ನಮ್ಮವರಿಗೆ ಕೊಟ್ಟುಬಿಡಪ್ಪಾ' ಎಂದು ಯಾರಾದರೂ ಕಟ್ಟಿದ ಪೊಟ್ಟಣ ಕೊಟ್ಟರೆ ಬಿಚ್ಚಿ ನೋಡದೆ ಪೆಟ್ಟಿಗೆಯಲ್ಲಿ ಇಡಬೇಡಿ. 1962ರ ಕಸ್ಟಮ್ಸ್ ಕಾಯ್ದೆಯ 77ನೇ ವಿಧಿಯಂತೆ ಸಾಮಾನಿನ ವಿವರ ಹೇಳಬೇಕಾದವರು ಅದರ ಒಡೆಯರು, ಅಂದರೆ ನೀವು. ಪೊಟ್ಟಣದಲ್ಲಿ ಚಿನ್ನ ಸಿಕ್ಕರೆ ಕೊಟ್ಟವನು ದುಬೈಯಲ್ಲಿ ಹಾಯಾಗಿರುತ್ತಾನೆ. ಅಧಿಕಾರಿಗಳಿಗೆ ಉತ್ತರ ಹೇಳಬೇಕಾದವರು ನೀವು. ಸಂಕೋಚಪಟ್ಟು ಹೊರುವುದಕ್ಕಿಂತ ಮುಖದೆದುರು 'ಆಗುವುದಿಲ್ಲಣ್ಣಾ' ಎನ್ನುವುದು ಲೇಸು.

ಈ ಮಾತನ್ನು ಪರದೇಶದಲ್ಲಿರುವ ನಿಮ್ಮವರಿಗೂ ತಿಳಿಸಿ.