ದೆವ್ವದ ಚಿತ್ರವೂ ಮೊದಲ ಮೂರು ನಿಮಿಷವೂ
(ಸಂಘದ ನಾಟಕ ಶಾಖೆಯ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತರುಣರು ಈ ಸಲ ನಾಟಕಕ್ಕೆ ಬದಲಾಗಿ ಒಂದು ಚಿಕ್ಕ ದೆವ್ವದ ಚಿತ್ರವನ್ನು ಮೊಬೈಲಿನಲ್ಲಿಯೇ ತೆಗೆಯಬೇಕೆಂದು ನಿಶ್ಚಯಿಸಿರುವುದು ತಮಗೆಲ್ಲ ತಿಳಿದೇ ಇದೆ. ಸಂತೋಷ. ಆದರೆ ಕತೆಯನ್ನು ಎಲ್ಲಿಂದ ಆರಂಭಿಸಬೇಕೆಂಬ ಚರ್ಚೆಯಲ್ಲಿಯೇ ಎರಡು ಭಾನುವಾರಗಳು ಕಳೆದುವು. ಆ ಬಗ್ಗೆ ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು, ಚಿತ್ರದ ಪ್ರಕಾರವೆಂಬುದು ಏಕೆ ಬೇಕು? 1979ರಲ್ಲಿ ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ ಒಂದು ಕನ್ನಡ ಚಿತ್ರ ಬಂದಿತು. ಹೆಸರು 'ನಾ ನಿನ್ನ ಬಿಡಲಾರೆ'. ಈ ಮೂರು ಶಬ್ದಗಳನ್ನು ಪ್ರೇಮಕತೆಯ ನಾಯಕ ನುಡಿದರೆ ಅದು ಆಣೆ. ಹಾಸ್ಯಚಿತ್ರದಲ್ಲಿ ಸಾಲ ಕೊಟ್ಟ ಸಾಹುಕಾರ ನುಡಿದರೆ ನಗು. ಅದು ದೆವ್ವದ ಚಿತ್ರವೆಂದು ತಿಳಿದ ಕೂಡಲೆ ಅದೇ ಮಾತಿಗೆ ಮೈ ಜುಮ್ಮೆನ್ನುತ್ತದೆ. ಮಾತು ಒಂದೇ, ಕೇಳುವ ಕಿವಿ ಬೇರೆ. ಹೋಟೆಲಿನ ಬೋರ್ಡು ಓದಿ ಗಿರಾಕಿ ಒಳಗೆ ಬರುವಂತೆ, ಪ್ರಕಾರವನ್ನು ತಿಳಿದು ಪ್ರೇಕ್ಷಕ ಕುಳಿತುಕೊಳ್ಳುತ್ತಾನೆ. ದುಡಿದ ದುಡ್ಡು ಕೊಟ್ಟು ಬಂದವನಿಗೆ ಬೋರ್ಡಿನಲ್ಲಿ ಬರೆದುದನ್ನು ಬಡಿಸಬೇಕಾದುದು ಧರ್ಮ. ಆ ಬೋರ್ಡು ಚಿತ್ರದ ಆರಂಭದಲ್ಲಿಯೇ ಕಾಣಬೇಕು.

ಹಾಗೆಂದು ಮೊದಲ ನಿಮಿಷಕ್ಕೇ ರಕ್ತ, ಚೀರಾಟ ಬೇಕಿಲ್ಲ. ಮುಂಬಯಿಯ ಮಲಾಡಿನ ಬಾಂಬೆ ಟಾಕೀಸ್ ಸಂಸ್ಥೆಯಿಂದ 1949ರಲ್ಲಿ ಬಂದ ಕಮಾಲ್ ಅಮ್ರೋಹಿಯವರ 'ಮಹಲ್' ಚಿತ್ರವನ್ನೇ ನೋಡಿರಿ. ಪಾಳುಬಿದ್ದ ಬಂಗಲೆಗೆ ಹೊಸ ಯಜಮಾನ ಬರುತ್ತಾನೆ. ಮುದುಕ ಮಾಲಿ ಹಿಂದಿನವರ ಕತೆ ಹೇಳುತ್ತಾನೆ. ಗೋಡೆಯ ಮೇಲಿನ ಪಟವೊಂದು ಬೀಳುತ್ತದೆ. ಸತ್ತವನ ಆ ಪಟದಲ್ಲಿ ಯಜಮಾನನಿಗೆ ಕಾಣುವುದು ತನ್ನದೇ ಮುಖ! ಯಾರನ್ನೂ ಕೊಲ್ಲಲಿಲ್ಲ, ಒಂದು ಪಟ ಬಿದ್ದುದಷ್ಟೇ. ಆದರೂ ಇನ್ನು ಎಲ್ಲಿ ದೀಪ ಕದಲಿದರೂ ನಾವು ಬೆಚ್ಚುತ್ತೇವೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಸ್ಮಶಾನವನ್ನೂ ಹುಣಿಸೇಮರವನ್ನೂ ಬಿಡಿರಿ. ನಿಮಗೆ ಚೆನ್ನಾಗಿ ಗೊತ್ತಿರುವ ರಾತ್ರಿಯನ್ನೇ ತೋರಿಸಿರಿ. ಮೊದಲ ನಿಮಿಷ: ಹೋಟೆಲು ಮುಚ್ಚುವ ಹೊತ್ತು. ಕ್ಲೀನರ್ ತರುಣನೊಬ್ಬ ಟೇಬಲ್ ಒರೆಸುತ್ತಾನೆ, ಲೋಟಗಳನ್ನು ಎಣಿಸಿ ಬೋರಲು ಹಾಕುತ್ತಾನೆ, ಒಲೆ ಆರಿಸುತ್ತಾನೆ, ಒಳಗಿನಿಂದ ಶಟರ್ ಎಳೆದು ಬೀಗ ಹಾಕುತ್ತಾನೆ. ಸಂಗೀತ ಬೇಡ. ಎರಡನೆಯ ನಿಮಿಷ: ದೀಪ ಆರಿದೆ, ಚಾಪೆಯ ಮೇಲೆ ಮಲಗಿದ್ದಾನೆ. ಟೇಬಲ್ಲಿನ ಮೇಲೆ ಲೋಟ ಇಟ್ಟ ಸದ್ದು. ಮೂರನೆಯ ನಿಮಿಷ: ಎದ್ದು ನೋಡುತ್ತಾನೆ. ಬೀಗ ಹಾಕಿದಂತೆಯೇ ಇದೆ. ಒಲೆ ಮುಟ್ಟುತ್ತಾನೆ, ತಣ್ಣಗಿದೆ. ಮೂಲೆಯ ಟೇಬಲ್ಲಿನ ಮೇಲೆ ಒಂದು ಲೋಟ ಚಹಾ, ಹಬೆಯಾಡುತ್ತಿದೆ. ಅಲ್ಲಿಗೆ ನಿಲ್ಲಿಸಿ ಚಿತ್ರದ ಹೆಸರು ತೋರಿಸಿರಿ. ಬೀಗ, ಒಲೆ, ಲೋಟಗಳನ್ನು ಮೊದಲೇ ಸರಿಯಾಗಿ ತೋರಿಸಿದ್ದರೆ ಮಾತ್ರ ಆ ಹಬೆಗೆ ಹೆದರಿಕೆ ಹುಟ್ಟುತ್ತದೆ.

ಕೊನೆಯ ಮಾತು, ನಮಗೆ ಮುಖ್ಯವಾದ ಮಾತು. ಇಂಥ ಎಷ್ಟೋ ಚಿತ್ರಗಳಲ್ಲಿ ಮೊದಲು ಸಾಯುವವನು ಯಾರು? ಕಾವಲುಗಾರ, ಇಲ್ಲವೆ ಮನೆಯ ಆಳು. ಅವನಿಗೆ ಹೆಸರಿಲ್ಲ, ಅವನಿಗಾಗಿ ಅಳುವವರಿಲ್ಲ; ಬೋರ್ಡು ಬರೆಯಲು ಅವನ ರಕ್ತವೇ ಬಣ್ಣ. ಆದರೆ 'ಮಹಲ್' ಚಿತ್ರದ ಕೊನೆಗೆ ಗೊತ್ತಾಗುವುದೇನು? ಅಲ್ಲಿ ದೆವ್ವವೇ ಇರಲಿಲ್ಲ. ಯಜಮಾನನನ್ನು ಕಾಡಿದವಳು ಆ ಮಾಲಿಯ ಮಗಳು. ಇಡೀ ಬಂಗಲೆಯಲ್ಲಿ ಅವನು ದೆವ್ವವನ್ನು ಕಂಡ. ಅವಳು ಮಾಲಿಯ ಮಗಳೆಂದು ಅವನಿಗೆ ಹೊಳೆಯಲಿಲ್ಲ.

ನಿಮ್ಮ ಕ್ಲೀನರ್ ತರುಣನಿಗೆ ಒಂದು ಹೆಸರಿಡಿರಿ. ಮಲಗುವ ಮುನ್ನ ಅವನು ಊರಿಗೆ ಫೋನ್ ಮಾಡಿ ತಾಯಿಯೊಡನೆ ಎರಡು ಮಾತಾಡಲಿ. ಅವನು ಬದುಕಬೇಕೆಂದು ನೋಡುವವರಿಗೆ ಅನಿಸಿದರೆ, ಹೆದರಿಕೆ ತಾನಾಗಿಯೇ ಬರುತ್ತದೆ. ಯಾರಾದರಾಗಲಿ ಎಂಬಲ್ಲಿ ಹೆದರಿಕೆಗೆ ಜಾಗವಿಲ್ಲ.

ನಮ್ಮ ಮಾತು ಮುಗಿಯಿತು. ಇನ್ನು ಕೆಲಸಕ್ಕೆ ತೊಡಗಿರಿ.