ಕಡಿಮೆ ದುಡ್ಡಿನ ಗೇಮಿಂಗ್ ಕಂಪ್ಯೂಟರ್: ಮೊದಲು ಕರೆಂಟಿನ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನ ವಿಷಯ ಹೇಳಿದಾಗ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ಶಾಲೆಯ ಐವತ್ತನೇ ವರ್ಷದ ಸಂಭ್ರಮದಲ್ಲಿ ಆಟ ಆಡುವ ಕಂಪ್ಯೂಟರಿನ ಮಾತೇ ಎಂದು. ಮುಳಬಾಗಿಲಿನಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಯವರೂ ಬರುತ್ತಾರೆ. ಮೊದಲೆಲ್ಲ ಡಿಟಿಪಿ ಅಂಗಡಿಯವರ, ಜೆರಾಕ್ಸ್ ಅಂಗಡಿಯವರ ಕಂಪ್ಯೂಟರುಗಳು ಬರುತ್ತಿದ್ದವು. ಈಗ ಬರುವುದರಲ್ಲಿ ಹೆಚ್ಚಿನವು ಹುಡುಗರು ಆಟಕ್ಕೆಂದು ಜೋಡಿಸಿಕೊಂಡವು. ಒಂದೊಂದರ ಹಿಂದೆಯೂ ಒಂದು ಬೆಳೆಯ ದುಡ್ಡಿರುತ್ತದೆ. ಮಾವಿನದೋ, ಟೊಮೆಟೊದ್ದೋ, ಡೇರಿಗೆ ಹಾಕಿದ ಹಾಲಿನದೋ. ಅದಕ್ಕೇ ಮೇಷ್ಟ್ರು ಕೇಳಿದಾಗ ಒಪ್ಪಿಕೊಂಡೆ. ಆಟ ಆಡಬೇಕೋ ಬೇಡವೋ ಎಂಬ ಪಂಚಾಯ್ತಿಯನ್ನು ಮನೆಯಲ್ಲೇ ಮಾಡಿಕೊಳ್ಳಿ. ತರುವುದೇ ಆದರೆ ದುಡ್ಡು ಎಲ್ಲಿ ಹಾಕಬೇಕು, ಕೆಟ್ಟರೆ ಎಲ್ಲಿ ನೋಡಬೇಕು, ಅಷ್ಟು ಹೇಳುತ್ತೇನೆ.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಅಪ್ಪ ಮಗ ಬಂದಿದ್ದರು. ಮಾವಿನ ಸುಗ್ಗಿ ಮುಗಿದ ಮೇಲೆ 46 ಸಾವಿರ ಕೊಟ್ಟು ಜೋಡಿಸಿದ ಕಂಪ್ಯೂಟರ್. ಮನೆಯ ಟಿವಿಯನ್ನೇ ಮಾನಿಟರ್ ಮಾಡಿಕೊಂಡಿದ್ದರು. ಸಿನಿಮಾ ಹಾಕಿದರೆ ಎಷ್ಟು ಹೊತ್ತಾದರೂ ಓಡುತ್ತದೆ, ಆಟ ಶುರುಮಾಡಿ ಹತ್ತು ನಿಮಿಷಕ್ಕೆ ದಪ್ಪನೆ ಆರಿಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದಕ್ಕೆ ಇಪ್ಪತ್ತು ಸಾವಿರ ಬೇಕು ಎಂದು ಯಾರೋ ಹೇಳಿದ್ದರಂತೆ. ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿದ್ದ, ಮಾತೇ ಆಡಲಿಲ್ಲ.

ದುಡಿಸಿದಾಗ ಮಾತ್ರ ಆರುತ್ತದೆ ಎಂದರೆ ಮುಖ್ಯವಾಗಿ ಎರಡು ಅನುಮಾನ. ಒಂದು ಬಿಸಿ, ಇನ್ನೊಂದು ಕರೆಂಟು. ಮೊದಲು ಬಿಸಿ ನೋಡಿದೆ. ಆಟ ಓಡುವಾಗ ಪ್ರೊಸೆಸರೂ ಕಾರ್ಡೂ 70 ಡಿಗ್ರಿ ಆಸುಪಾಸಿನಲ್ಲಿದ್ದವು. ಅದು ದೋಷವಲ್ಲ. ಆಮೇಲೆ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿಕೊಡುವ ಡಬ್ಬಿಯನ್ನು ತಿರುಗಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ 500 ಎಂದಿತ್ತು. ಪಕ್ಕದಲ್ಲಿ ಸಣ್ಣ ಕೋಷ್ಟಕವೊಂದು ಇರುತ್ತದೆ, ಓದಬೇಕಾದ್ದು ಅದನ್ನು. 12 ವೋಲ್ಟ್ ಎಂಬಲ್ಲಿ 17 ಆಂಪಿಯರ್ ಎಂದಿತ್ತು. ಹನ್ನೆರಡು ಹದಿನೇಳಲಿ 204 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟಿನ ತಂತಿಯಿಂದಲೇ. ಅವನ ಹತ್ತಿರ ಇದ್ದ ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್, ಪ್ರೊಸೆಸರಿಗೆ 65. ಎರಡೇ ಸೇರಿ 197. ಅದರ ಮೇಲೆ ಬೋರ್ಡು, ಫ್ಯಾನು. ಆಟದ ಮಧ್ಯೆ ಕಾರ್ಡು ಒಂದು ಕ್ಷಣ ಇನ್ನೂ ಜಾಸ್ತಿ ಎಳೆಯುತ್ತದೆ.

ಲೆಕ್ಕ ಬರೆದು ತೋರಿಸಿದೆ. ಹುಡುಗನಿಗಿಂತ ಮೊದಲು ಅಪ್ಪನಿಗೆ ಅರ್ಥವಾಯಿತು. "ಸಾವಿರದ ಇನ್ನೂರು ಅಡಿ ಬೋರಿಗೆ ತೆಳು ಕೇಬಲ್ ಇಳಿಸಿದ ಹಾಗಾಯ್ತಲ್ಲಪ್ಪಾ" ಅಂದರು. ಅಂಗಡಿಯಲ್ಲಿದ್ದ ಒಳ್ಳೆಯ 550 ವ್ಯಾಟಿನದನ್ನು ಹಾಕಿ ಎರಡು ಗಂಟೆ ಆಟ ಓಡಿಸಿದೆವು, ಆರಲಿಲ್ಲ. ಖರ್ಚು ನಾಲ್ಕು ಸಾವಿರ. ಇಪ್ಪತ್ತು ಸಾವಿರದ ಕಾರ್ಡ್ ತಂದಿದ್ದರೆ ಅದೂ ಹತ್ತು ನಿಮಿಷಕ್ಕೆ ಆರುತ್ತಿತ್ತು.

ನಮ್ಮ ಜಿಲ್ಲೆಗೂ ಕರೆಂಟಿಗೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಬಂದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಅಷ್ಟು ಹಿಂದೆ ಬಂದ ಕರೆಂಟು ಈಗಲೂ ಹಳ್ಳಿಯಲ್ಲಿ ಮೋಟರುಗಳೆಲ್ಲ ಓಡುವ ಹೊತ್ತಿಗೆ ಬಡವಾಗುತ್ತದೆ. 230 ಇರಬೇಕಾದ್ದು 180ಕ್ಕೆ ಇಳಿದದ್ದನ್ನು ನಾನೇ ಮೀಟರ್ ಹಿಡಿದು ನೋಡಿದ್ದೇನೆ. ಆದ್ದರಿಂದ ಎಸ್‌ಎಂಪಿಎಸ್ ಮೇಲೆ ಒಳಬರುವ ವೋಲ್ಟೇಜ್ 100ರಿಂದ 240 ಎಂದು ಬರೆದಿದ್ದರೆ ನಮ್ಮ ಕಡೆಗೆ ಒಳ್ಳೆಯದು. ಅಗ್ಗದ್ದರಲ್ಲಿ 200ರಿಂದ 240 ಎಂದಷ್ಟೇ ಇರುವುದುಂಟು. ಕ್ಯಾಬಿನೆಟ್ಟಿಗೆ ಬಣ್ಣದ ದೀಪ ಬೇಕೆಂದು ಈ ಡಬ್ಬಿಯಲ್ಲಿ ಉಳಿಸುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಇನ್ನು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಎಂದರೆ ಮೂರನೇ ಪಿನ್ನಿಗೆ ಭೂಮಿ ಸಿಕ್ಕಿಲ್ಲ. ಪಂಪ್‌ಸೆಟ್ಟಿಗೆ ಇದ್ದಿಲು ಉಪ್ಪು ಹಾಕಿ ಗುಂಡಿ ತೋಡಿಸುವವರು ಮನೆಗೆ ಮಾಡಿಸಿರುವುದಿಲ್ಲ. ಮಗ ರಾತ್ರಿಯೆಲ್ಲ ಅದನ್ನು ಮುಟ್ಟಿಕೊಂಡು ಕೂರುತ್ತಾನೆ, ಮೊದಲು ಅದನ್ನು ಮಾಡಿಸಿ. ಮತ್ತೆ ಮಕ್ಕಳೇ, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಹೊಡೆಯುವಷ್ಟು ಕರೆಂಟು ಕೂತಿರುತ್ತದೆ.

ಕೊಳ್ಳುವ ವಿಷಯಕ್ಕೆ ಬರುತ್ತೇನೆ. ನಮ್ಮವರು ಹೋಗುವುದು ಬೆಂಗಳೂರಿನ ಎಸ್.ಪಿ. ರಸ್ತೆಗೆ. ಮಾಲೂರಿನವರಿಗೆ ರೈಲಿದೆ, ನಮಗೆ ಬಸ್ಸೇ ಗತಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಡಬ್ಬಿಯ ಮೇಲೆಲ್ಲ ಇಂಗ್ಲಿಷು. ಅದಕ್ಕೆ ಹೋಗುವ ಮೊದಲೇ ಬೇಕಾದ ಭಾಗಗಳ ಹೆಸರನ್ನು ಕೊನೆಯ ಅಕ್ಷರದ ತನಕ ಚೀಟಿಯಲ್ಲಿ ಬರೆದುಕೊಳ್ಳಿ. ಇಂಟೆಲ್ 12100 ಬೇರೆ, 12100ಎಫ್ ಬೇರೆ. ಎಫ್ ಇದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಪರದೆ ಬೆಳಗುವುದೇ ಇಲ್ಲ. ರೈಜೆನ್ 5 5600ಜಿ ಇದಕ್ಕೆ ತಿರುಗಾಮುರುಗಾ, ಒಳಗೇ ಗ್ರಾಫಿಕ್ಸ್ ಇದೆ. ದುಡ್ಡು ಕಡಿಮೆ ಇದ್ದವರು ಈಗ ಇಂಥದ್ದನ್ನು ಹಾಕಿಕೊಂಡು ವ್ಯಾಲರೆಂಟ್‌ನಂಥ ಹಗುರ ಆಟ ಆಡಬಹುದು, ಮುಂದಿನ ಬೆಳೆಗೆ ಕಾರ್ಡ್ ಸೇರಿಸಬಹುದು. ಹಾಗೆ ಮಾಡುವವರು ರ‍್ಯಾಮನ್ನು 8 ಜಿಬಿಯ ಎರಡು ಪಟ್ಟಿಯಾಗಿ ತನ್ನಿ, 16ರ ಒಂದೇ ಪಟ್ಟಿ ಬೇಡ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಲ್ಲೇ ಪಾಲು ಕೇಳುತ್ತದೆ. ಎರಡು ದಾರಿ ಇದ್ದರೆ ಆಟ ಎದ್ದು ಕಾಣುವಷ್ಟು ಚುರುಕಾಗುತ್ತದೆ. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಿ ಬೋರ್ಡ್ ಮುರಿದುಕೊಂಡು ಬಂದವರಿದ್ದಾರೆ.

ಬಳಸಿದ ಸಾಮಾನು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹಳೆಯ ಆಫೀಸ್ ಕಂಪ್ಯೂಟರುಗಳನ್ನು ಕಂಪನಿಗಳು ಮಾರುತ್ತವೆ. ಓದಿಗೆ, ಸಣ್ಣ ಆಟಕ್ಕೆ ಅವು ಸಾಕು. ಆದರೆ ಇಂಟೆಲ್ ಎಂಟನೇ ತಲೆಮಾರಿಗಿಂತ ಹಿಂದಿನದಾದರೆ ವಿಂಡೋಸ್ 11ಕ್ಕೆ ಅರ್ಹತೆ ಇಲ್ಲ. ಇನ್ನೊಂದು ತೊಡಕು, ಅನೇಕ ಆಫೀಸ್ ಡಬ್ಬಿಗಳ ಎಸ್‌ಎಂಪಿಎಸ್ ಆ ಕಂಪನಿಯದೇ ಅಳತೆ, ಪಿನ್ನೂ ಬೇರೆ, ಅಂಗಡಿಯದನ್ನು ಹಾಕಲಾಗದು. ತೆಳ್ಳನೆಯ ಡಬ್ಬಿಯಾದರೆ ಗಿಡ್ಡ ಕಾರ್ಡೇ ಬೇಕು. ಹಳೆಯ ಗ್ರಾಫಿಕ್ಸ್ ಕಾರ್ಡಿನ ಕತೆ ಬೇರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ಹಣದ ಗಣಿಗಾರಿಕೆ ನಿಂತಾಗ ಹಗಲು ರಾತ್ರಿ ದುಡಿದು ಸುಸ್ತಾದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡುವ ಹಾಗೆ, ಅರ್ಧ ಗಂಟೆ ಆಟ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಹೊಸದಕ್ಕೆ ಶೇ. 18 ಜಿಎಸ್‌ಟಿ ಉಳಿಯುತ್ತದೆಂದು ಬಿಲ್ ಬಿಟ್ಟು ಬರುವವರಿದ್ದಾರೆ. ವಾರಂಟಿ ಇರುವುದು ಬಿಲ್ಲಿನಲ್ಲಿ. ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಕೆಟ್ಟರೆ ಏನು ಮಾಡಬೇಕು? ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ನನ್ನ ಅಂಗಡಿಗೆ ಬರುವ ದೂರುಗಳಲ್ಲಿ ಇದೇ ಹೆಚ್ಚು. ಮೊದಲು ಹಿಂದೆ ತಿರುಗಿ ನೋಡಿ. ಪರದೆಯ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಬೋರ್ಡಿಗೆ ಹಾಕಿರುತ್ತಾರೆ. ಅದು ಸರಿ ಇದ್ದರೆ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವ ತನಕ ಒತ್ತಿ. ಆಗಲೂ ಬಾರದಿದ್ದರೆ ಒಂದೇ ಪಟ್ಟಿ ಇಟ್ಟು ನೋಡಿ, ಜಾಗ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯದು. ವಿಜ್ಞಾನದ ಪ್ರಯೋಗಕ್ಕೆ ನಮ್ಮ ಮೇಷ್ಟ್ರು ಇದೇ ಹೇಳಿಕೊಟ್ಟಿದ್ದು. ಗಡಿಯಾರದ ದಿನಾಂಕ ಪದೇ ಪದೇ ಹಿಂದಕ್ಕೆ ಹೋದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಮುಗಿದಿದೆ. ಸಿಆರ್2032 ಎಂದು ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಮಾಲೂರಿನ ಇಟ್ಟಿಗೆ ಗೂಡುಗಳ ಕಡೆಯಿಂದ ಬರುವ ಕಂಪ್ಯೂಟರುಗಳ ಒಳಗೆ ಕೆಂಪು ಧೂಳು ಪದರ ಕಟ್ಟಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದುಕೊಳ್ಳಿ, ಗಾಳಿಗೆ ಜೋರಾಗಿ ತಿರುಗಿ ಹಾಳಾಗುತ್ತದೆ.

ಮಾತಿಗಿಂತ ಕೈ ಮುಖ್ಯ. ಊಟವಾದ ಮೇಲೆ ಎಂಟನೇ ತರಗತಿ ಕೊಠಡಿಗೆ ಬನ್ನಿ, ಎರಡು ಹಳೆಯ ಕಂಪ್ಯೂಟರ್ ತಂದಿದ್ದೇನೆ. ಒಂದರಲ್ಲಿ ಬೇಕೆಂದೇ ಒಂದು ದೋಷ ಮಾಡಿಟ್ಟಿದ್ದೇನೆ. ಹುಡುಗಿಯರು ಮೊದಲು ಕೂರಲಿ, ಹುಡುಗರು ನುಗ್ಗಿದರೆ ಅವರಿಗೆ ಜಾಗ ಸಿಗುವುದಿಲ್ಲ. ಸ್ಕ್ರೂ ಡ್ರೈವರ್ ನನ್ನ ಹತ್ತಿರ ನಾಲ್ಕಿವೆ, ರಬ್ಬರ್ ಮಾತ್ರ ನೀವೇ ತನ್ನಿ.